ಚುಕ್ಕಿ ಚಿಕ್ಕಮ್ಮನ ಎಂಟನೇ ಹಾಳೆ

ಬ್ಯಾಂಡಿನ ಕೋಣೆಯಲ್ಲಿ ಕಿಟಕಿ ಪಕ್ಕದ ಮೇಜು ಚಿಕ್ಕಮ್ಮನದು. ನಿಜ ಹೇಳಬೇಕೆಂದರೆ ಆಕೆ ಡ್ರಮ್ಮು ಬಾರಿಸುವವನಿಗೆ ಮಾತ್ರ ಚಿಕ್ಕಮ್ಮ. ಅವನು ಕರೆಯುವುದನ್ನು ಕೇಳಿ ಕೇಳಿ ಹದಿನೆಂಟು ಜನಕ್ಕೂ ಚಿಕ್ಕಮ್ಮನಾದಳು. ಇಪ್ಪತ್ತೆರಡು ವರ್ಷದಿಂದ ಎಲ್ಲರ ಸ್ವರದ ಹಾಳೆಗಳನ್ನೂ ಕೈಯಲ್ಲೇ ಬರೆದುಕೊಡುತ್ತಿದ್ದಳು. ಒಂದು ಭಾಗವನ್ನು ಮತ್ತೆ ನುಡಿಸಬೇಕೆಂದರೆ ಅದನ್ನೇ ಮತ್ತೆ ಬರೆಯುವಷ್ಟು ದಡ್ಡಿಯಲ್ಲ ಆಕೆ. ಗೆರೆಯ ಪಕ್ಕ ಎರಡು ಚುಕ್ಕಿ ಇಟ್ಟರಾಯಿತು, ನುಡಿಸುವವನು ತೆಪ್ಪಗೆ ಹಿಂದಕ್ಕೆ ಹೋಗಿ ಇನ್ನೊಂದು ಸುತ್ತು ಬರಬೇಕು. ಎಷ್ಟೇ ಉದ್ದದ ಸಂಗೀತವಿರಲಿ, ಚಿಕ್ಕಮ್ಮನ ಕೈಯಲ್ಲಿ ಒಂದೇ ಹಾಳೆ.

ಬ್ಯಾಂಡಿಗೆ ಹೊಸ ಮಾಸ್ತರು ಬಂದರು ನೋಡಿ, ಶುರುವಾಯಿತು ಪೀಕಲಾಟ. ಮೊದಲ ವಾರವೇ ಟ್ರಂಬೋನಿನ ದಪ್ಪಣ್ಣ ಲೆಕ್ಕ ತಪ್ಪಿ, ಎಲ್ಲರೂ ನಿಲ್ಲಿಸಿದ ಮೇಲೂ ಒಬ್ಬನೇ ಇನ್ನೊಂದು ಸುತ್ತು ಹೊರಟುಬಿಟ್ಟ. ತಪ್ಪು ದಪ್ಪಣ್ಣನದು, ಬೈಗುಳ ಚುಕ್ಕಿಗೆ!

"ಇನ್ಮೇಲೆ ಚುಕ್ಕಿ ಗಿಕ್ಕಿ ಬೇಡ. ಎಷ್ಟು ಸಲ ನುಡಿಸ್ತಾರೋ ಅಷ್ಟು ಸಲ ಪೂರ್ತಿ ಬರೀರಿ," ಎಂದರು ಮಾಸ್ತರು.

"ಏಳು ಹಾಳೆ ಆಗತ್ತೆ ಸಾರ್. ಊದೋರ ಎರಡು ಕೈಲೂ ವಾದ್ಯ ಇರತ್ತೆ. ಹಾಳೆ ತಿರುಗಿಸೋಕೆ ಮೂರನೇ ಕೈ ಎಲ್ಲಿಂದ ತರೋದು?"

"ಹೇಳಿದಷ್ಟು ಮಾಡಿ. ಪಾರ್ಕ್ ಉದ್ಘಾಟನೇಲಿ ಏನಾದ್ರೂ ಎಡವಟ್ಟಾದ್ರೆ ಮುಂದಿನ ತಿಂಗಳಿಂದ ಕಂಪ್ಯೂಟರೇ ಬರೆಯತ್ತೆ. ಈ ಮೇಜೂ ಇಲ್ಲಿರಲ್ಲ."

ಚಿಕ್ಕಮ್ಮ ಹೆದರಿದಳು. ಆ ಮೇಜಿಲ್ಲದಿದ್ದರೆ ಬೆಳಗ್ಗೆ ಎದ್ದು ಹೋಗುವುದಾದರೂ ಎಲ್ಲಿಗೆ? ಹೆದರಿಕೆಯ ಹಿಂದೆಯೇ ಸಿಟ್ಟೂ ಬಂತು. ಹಲ್ಲು ಕಚ್ಚಿ ಕೂತು ಎಲ್ಲರಿಗೂ ಏಳೇಳು ಹಾಳೆ ಬರೆದಳು. ಹುಡುಕಿದರೂ ಒಂದು ಚುಕ್ಕಿಯಿಲ್ಲ. ಮಾಸ್ತರು ನೋಡಿ ಮೀಸೆಯಲ್ಲೇ ನಕ್ಕರು.

ಉದ್ಘಾಟನೆಯ ಬೆಳಗ್ಗೆ, ಹಾಳೆ ಇಡುವ ಸ್ಟ್ಯಾಂಡು ಜೋಡಿಸುವ ನೆಪದಲ್ಲಿ ಚಿಕ್ಕಮ್ಮ ಒಂದೊಂದಕ್ಕೂ ಎಂಟನೆಯದೊಂದು ಹಾಳೆಯನ್ನು ಬಟ್ಟೆ ಕ್ಲಿಪ್ಪು ಹಾಕಿ ಬಿಗಿದಳು. ಇಡೀ ಸಂಗೀತ ಅದೊಂದರಲ್ಲೇ, ಚುಕ್ಕಿಗಳ ಸಮೇತ. ಅದರ ಮೇಲೆ ಮಾಸ್ತರು ಹೇಳಿದ ಏಳು ಬಿಡಿ ಹಾಳೆ. ಮಾಸ್ತರ ಸ್ಟ್ಯಾಂಡಿಗೆ ಮಾತ್ರ ಏಳೇ. ಹೇಳಿದಷ್ಟು ತಾನೇ!

ಪಾರ್ಕಿನಲ್ಲಿ ನುಡಿಸಾಣಿಕೆ ಶುರುವಾಯಿತು. ಎರಡನೇ ಹಾಳೆ ತಿರುಗಿಸುವಾಗಲೇ ಕ್ಲಾರಿನೆಟ್ಟಿನ ಅಕ್ಕ ಒಂದು ಕೈ ಬಿಟ್ಟಳು, ವಾದ್ಯ ಕೀಚ್ ಎಂದಿತು. ಅಷ್ಟರಲ್ಲಿ ಗಾಳಿಯೂ ಬೀಸಬೇಕೇ! ಹಾಳೆಗಳೆಲ್ಲ ಹುಲ್ಲಿನ ಮೇಲೆ ಚೆಲ್ಲಾಪಿಲ್ಲಿ. ಮಾಸ್ತರದ್ದಂತೂ ಕಾರಂಜಿಗೇ ಬಿದ್ದವು. ಬ್ಯಾಂಡಿನವರ ಕಣ್ಣಿಗೆ ಅಡಿಯ ಹಾಳೆ ಬಿತ್ತು, ನುಡಿಸಾಣಿಕೆ ನಿಲ್ಲಲೇ ಇಲ್ಲ. ಅದರ ಕೊನೆಯ ಸಾಲಿನ ಚುಕ್ಕಿಗಳ ಮೇಲೆ ಹೀಗೆ ಬರೆದಿತ್ತು: "ಚಿಕ್ಕಮ್ಮ ಕೈ ಎತ್ತುವವರೆಗೆ."

ಸರಿ, ಸುತ್ತಿದರು. ಮತ್ತೆ ಸುತ್ತಿದರು. ರಿಬ್ಬನ್ನಿನ ಮುಂದೆ ಕತ್ತರಿ ಹಿಡಿದ ಅತಿಥಿ ಬಾಯಿ ಬಿಟ್ಟುಕೊಂಡು ನಿಂತರು. ಎಲ್ಲಿದ್ದೇವೆಂದೇ ತಿಳಿಯದ ಮಾಸ್ತರು ಕೋಲು ಆಡಿಸುತ್ತಲೇ ಬೆವರಿದರು, ಹಿಂದೆ ನಿಂತಿದ್ದ ಚಿಕ್ಕಮ್ಮನ ಕಡೆ ತಿರುಗಿ ಕಣ್ಣಲ್ಲೇ ಕೈ ಮುಗಿದರು. ಹನ್ನೊಂದನೇ ಸುತ್ತಿಗೆ ಚಿಕ್ಕಮ್ಮ ಕೈ ಎತ್ತಿದಳು. ಎಲ್ಲ ಒಟ್ಟಿಗೆ ನಿಂತಿತು, ದಪ್ಪಣ್ಣನೂ ಸೇರಿ. ಜನ ಇದು ಬೇಕೆಂದೇ ಮಾಡಿದ್ದೆಂದುಕೊಂಡು ಚಪ್ಪಾಳೆಯೋ ಚಪ್ಪಾಳೆ.

"ಮೂರನೇ ಸುತ್ತಿಗೇ ನಿಲ್ಲಿಸ್ಬಾರ್ದಿತ್ತಾ? ನನ್ನ ಕೈ ಬಿದ್ದೋಯ್ತು," ಎಂದ ಡ್ರಮ್ಮಿನವನು.

"ನಿಲ್ಲಿಸ್ಬಹುದಿತ್ತು ಕಣೋ. ಆಗಿನ್ನೂ ಮಾಸ್ತರು ಸರಿಯಾಗಿ ಬೆವರಿರ್ಲಿಲ್ಲ."

ಮರುದಿನ ಮಾಸ್ತರು ಬಂದು ಮೇಜಿನ ಮುಂದೆ ನಿಂತರು. ಚಿಕ್ಕಮ್ಮ ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದುಕೊಂಡಳು. ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಆ ಎಂಟನೇ ಹಾಳೆ, ನನಗೂ ಒಂದು ಬರ್ಕೊಡಿ."

ಚಿಕ್ಕಮ್ಮ ಅಲ್ಲೇ ಬರೆಯತೊಡಗಿದಳು. ಕೊನೆಯ ಚುಕ್ಕಿಗಳ ಹತ್ತಿರ ಪೆನ್ನು ನಿಲ್ಲಿಸಿ, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ ಕೇಳಿದಳು: "ಇಲ್ಲಿ ಯಾರ ಕೈ ಅಂತ ಬರೀಲಿ ಸಾರ್?"

ಮಾಸ್ತರು ಕಿಟಕಿಯಾಚೆ ನೋಡಿದರು. "ನಿಮ್ದೇ ಇರ್ಲಿ ಬಿಡಿ."