ಬರೀ ನೀರು ಕುಡಿದು ಹೋದದ್ದು

ನಮ್ಮ ಸೋದರತ್ತೆಗೆ ತೆಂಗಿನ ಗರಿ ಕಂಡರೆ ಸುಮ್ಮನೆ ಕೂರಲಿಕ್ಕೆ ಆಗುವುದಿಲ್ಲ. ಎಲೆ ಸೀಳಿ ಕಡ್ಡಿ ಎಳೆದು, ಸಣ್ಣ ಕತ್ತಿಯಲ್ಲಿ ಹೆರೆದು, ಕಟ್ಟಿ ಹಿಡಿಸೂಡಿ ಮಾಡಿಯೇ ಏಳಬೇಕು. ಪೆರಾಬೆಯಿಂದ ರಾಮಕುಂಜದವರೆಗೆ ನಮ್ಮ ನೆಂಟರು ಅಂಗಳ ಗುಡಿಸುವುದು ಅತ್ತೆ ಕಟ್ಟಿದ ಹಿಡಿಸೂಡಿಯಲ್ಲಿಯೇ. ಮನೆ ಒಕ್ಕಲಿಗೆ ಬೇರೆಯವರು ಗೋಡೆ ಗಡಿಯಾರ ಕೊಟ್ಟರೆ ಅತ್ತೆ ಹಿಡಿಸೂಡಿ ಕೊಡುತ್ತಾರೆ. "ಗಡಿಯಾರ ನಿಲ್ತದೆ, ಕಸ ನಿಲ್ತದಾ?" ಎಂದು ಕೇಳುತ್ತಾರೆ. ನಾನು ಬಾಯಿ ತುಂಬ ಮಾತು ಕಲಿತದ್ದು ಶಾಲೆಯಲ್ಲಿ ಅಲ್ಲ, ಅತ್ತೆ ಕಡ್ಡಿ ಹೆರೆಯುವಾಗ ಎದುರು ಕೂತು.

ಆ ಅತ್ತೆಯ ಬೆರಳುಗಳಲ್ಲಿ ಒಂದೊಂದಾಗಿ ಬಟ್ಟೆಪಟ್ಟಿ ಕಾಣಿಸಿಕೊಳ್ಳತೊಡಗಿತು. ಕೇಳಿದರೆ, "ಕತ್ತಿ ಹೊಸತು" ಎಂದರು. ಕತ್ತಿ ನನಗಿಂತ ಹಳೆಯದು. ಕೊನೆಗೊಂದು ದಿನ ತಾವೇ ಬಾಯಿಬಿಟ್ಟರು. "ಕಡ್ಡಿ ಯಾವುದು, ಬೆರಳು ಯಾವುದು ಅಂತ ಗೊತ್ತಾಗುದಿಲ್ಲ ಮಾರಾಯ. ಎಲ್ಲ ಹೊಗೆ ಹೊಗೆ."

ಪುತ್ತೂರಿಗೆ ಕರೆದುಕೊಂಡು ಹೋದೆ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿದರೆ ಸರಿಯಾಗುತ್ತದೆ, ಆದರೆ ಸಕ್ಕರೆ ಕಾಯಿಲೆ ಹತೋಟಿಗೆ ಬಾರದೆ ಕಣ್ಣು ಮುಟ್ಟುವುದಿಲ್ಲ ಎಂದರು ಕಣ್ಣಿನ ಡಾಕ್ಟರು. ಊರಿನ ಸರಕಾರಿ ಆಸ್ಪತ್ರೆಯಲ್ಲಿ ಖಾಲಿ ಹೊಟ್ಟೆಯ ರಕ್ತ ಪರೀಕ್ಷೆ ಮಾಡಿಸಿ, ಸರಿ ಇದ್ದರೆ ಬನ್ನಿ ಎಂದು ಕಳಿಸಿದರು.

ಊರಿನ ಆಸ್ಪತ್ರೆ ನಮಗೆ ನಡೆದು ಹೋಗುವಷ್ಟೇ ದೂರ. ಅಲ್ಲಿಯ ಡಾಕ್ಟ್ರಮ್ಮ ಅತ್ತೆಗೆ ಬಿಡಿಸಿ ಹೇಳಿದ್ದರು: ರಾತ್ರಿ ಊಟದ ನಂತರ ಏನೂ ತಿನ್ನಬಾರದು, ಬೆಳಿಗ್ಗೆ ಚಾ ಕೂಡ ಬೇಡ, ಬಾಯಾರಿದರೆ ನೀರು ಕುಡಿಯಬಹುದು. ಅತ್ತೆ ಅದನ್ನು ವ್ರತದ ಹಾಗೆ ಹಿಡಿದರು. ಚಾದ ಪರಿಮಳ ಬರಬಾರದು ಎಂದು ಅಡುಗೆಮನೆಯ ಕಡೆಗೆ ತಲೆ ಹಾಕದೆ, ಒಬ್ಬರೇ ಹೊರಟರು. ನಾನು ಜೊತೆಗೆ ಬರುತ್ತೇನೆಂದರೆ, "ದಾರಿ ನನ್ನ ಕಾಲಿಗೆ ಗೊತ್ತುಂಟು, ಕಣ್ಣು ಯಾಕೆ?" ಎಂದರು.

ರಕ್ತದಲ್ಲಿ ಸಕ್ಕರೆ ಏರಿತ್ತು. ಡಾಕ್ಟ್ರಮ್ಮ ಮಾತ್ರೆ ಹೆಚ್ಚಿಸಿದರು. ಮುಂದಿನ ತಿಂಗಳು ಪುನಃ ಅದೇ ವ್ರತ, ಅದೇ ದಾರಿ, ಅದೇ ಏರು. ಮನೆಯಲ್ಲಿ ಮಾತ್ರ ಬೇರೆಯೇ ಕಥೆ. ಮಾತ್ರೆ ಹೆಚ್ಚಾದಂದಿನಿಂದ ಊಟ ಸ್ವಲ್ಪ ತಡವಾದರೆ ಅತ್ತೆಯ ಕೈ ನಡುಗುತ್ತಿತ್ತು, ಹಣೆಯಲ್ಲಿ ಬೆವರು. ಪುತ್ತೂರಿಗೆ ಹೋಗುವ ಮಾತು ಹಿಂದೆ ಹಿಂದೆ ಸರಿಯಿತು. ಅಂಗಳದ ಮೂಲೆಯಲ್ಲಿ ಗರಿಯ ರಾಶಿ ಒಣಗಿ ಬಣ್ಣ ಕಳೆದುಕೊಂಡಿತು. "ಸಾಕು ಬಿಡು," ಎಂದರು ಒಂದು ಸಂಜೆ. "ಮುಖ ಕಾಣದಿದ್ದರೆ ಸ್ವರದಲ್ಲಿ ಗುರುತು ಹಿಡಿತೇನೆ. ಹಿಡಿಸೂಡಿ ಅಂಗಡಿಯಲ್ಲಿ ಸಿಗ್ತದೆ." ಅಂಗಡಿಯ ಹಿಡಿಸೂಡಿಯನ್ನು ಅತ್ತೆ ಒಪ್ಪಿಕೊಂಡದ್ದು ಕೇಳಿ ನನಗೆ ಹೆದರಿಕೆಯಾಯಿತು.

ಮೂರನೆಯ ಸಲ ನಾನೂ ಹೊರಟೆ. ನನ್ನದೂ ಒಂದು ಪರೀಕ್ಷೆ ಆಗಿಬಿಡಲಿ, ಪ್ರಾಯ ಆಗುತ್ತಾ ಬಂತಲ್ಲ ಎಂದು ನಾನೂ ಖಾಲಿ ಹೊಟ್ಟೆಯಲ್ಲಿದ್ದೆ. ಏರುದಾರಿ ಮುಗಿಯುವ ತಿರುವಿನಲ್ಲಿ ಒಂದು ಮನೆ ಇದೆ. ಆ ಮನೆಯ ಅಕ್ಕ ದಾರಿಹೋಕರನ್ನು ಜಗಲಿಯಲ್ಲಿ ಕೂರಿಸದೆ ಬಿಡುವವರಲ್ಲ.

"ದೊಡ್ಡಮ್ಮ, ಬನ್ನಿ ಬನ್ನಿ. ಆಸರಿಗೆ ಎಂತ ಕೊಡ್ಲಿ? ಚಾ ಇಡ್ಲಾ?"

"ಚಾ ಬೇಡ ಮಾರಾಯ್ತಿ, ಇವತ್ತು ರಕ್ತಕ್ಕೆ ಉಂಟು. ನೀರು ಸಾಕು," ಎಂದರು ಅತ್ತೆ.

ನೀರು ಬಂತು. ಕುಡಿದೆವು. ಸ್ವಲ್ಪ ಸುಧಾರಿಸಿಕೊಂಡು ಎದ್ದೆವು. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ ಎಂದೇ ನಾನು ಆಗ ತಿಳಿದದ್ದು.

ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಹುಡುಗಿ ಬಿಜಾಪುರದ ಕಡೆಯವಳು. ಅತ್ತೆಗೆ ಅವಳ ಮೇಲೆ ವಿಶೇಷ ಪ್ರೀತಿ. ಅತ್ತೆಯ ನರ ಸಿಗುವುದು ಕಷ್ಟ. ಅವಳು ಬೇಜಾರಿಲ್ಲದೆ ಕೈಯನ್ನು ತಟ್ಟಿ, ಒತ್ತಿ, ಮಾತಾಡಿಸುತ್ತಾ ಹುಡುಕುತ್ತಾಳೆ. ಸೂಜಿ ಚುಚ್ಚಿ ಆದಮೇಲೆಯೇ "ಚುಚ್ತೀನ್ರಿ ಅಮ್ಮಾ" ಎನ್ನುತ್ತಾಳೆ. ಕಾಸಿಲ್ಲದೆ ಇಷ್ಟು ಉಪಚಾರ ನೆಂಟರ ಮನೆಯಲ್ಲೂ ಸಿಗುವುದಿಲ್ಲ ಎಂದು ಅತ್ತೆ ಬೆಂಚಿನಲ್ಲಿ ಕೂತವರಿಗೆಲ್ಲ ಕೇಳುವಂತೆ ಹೇಳುತ್ತಾರೆ.

ಅವತ್ತು ಇಬ್ಬರ ರಕ್ತವನ್ನೂ ತೆಗೆದು, ಬಹಳ ಹೊತ್ತಿನ ಮೇಲೆ ಅವಳು ಹೊರಗೆ ಬಂದು ನಮ್ಮನ್ನು ದಿಟ್ಟಿಸಿದಳು.

"ಅಮ್ಮಾರದ್ದು ಏರೇತ್ರಿ. ನಿಮ್ಮದೂ ಏರೇತಿ. ಮುಂಜಾನೆ ಏನರೆ ತಿಂದು ಬಂದೀರೇನ್ರಿ?"

"ನಾವಾ? ಎಂತದೂ ಇಲ್ಲ," ಎಂದೆ.

"ಚಹಾ?"

"ಚಾದ ಮುಖ ಕೂಡ ನೋಡ್ಲಿಲ್ಲ," ಎಂದರು ಅತ್ತೆ. "ನೀರು ಕುಡಿದದ್ದು. ಡಾಕ್ಟ್ರಮ್ಮನೇ ಹೇಳಿದ್ದಲ್ವಾ ಕುಡಿಬಹುದು ಅಂತ?"

"ಬರೇ ನೀರು?"

ಅತ್ತೆಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಬರೀ ನೀರು ಯಾರು ಕೊಡ್ತಾರೆ ಮಗಾ? ನಾವೇನು ಮರ್ಯಾದೆ ಇಲ್ಲದವರ ಮನೆಗೆ ಹೋದದ್ದಾ? ಪ್ರತಿ ಸಲವೂ ಬೆಲ್ಲ ಇಟ್ಟೇ ಕೊಟ್ಟದ್ದು."

ನನ್ನ ನಾಲಗೆಯ ಬುಡದಲ್ಲಿ ಆಗ ಬೆಲ್ಲದ ರುಚಿ ಎದ್ದು ನಿಂತಿತು. ಹೌದು, ಬಟ್ಟಲಿನಲ್ಲಿ ಬೆಲ್ಲ ಇತ್ತು. ನಾನು ದೊಡ್ಡದನ್ನೇ ಆರಿಸಿ ಕಚ್ಚಿ, ಮೇಲಿನಿಂದ ನೀರು ಹೊಯ್ದುಕೊಂಡಿದ್ದೆ. ನಮ್ಮಲ್ಲಿ ನೀರು ಎಂದರೆ ಬೆಲ್ಲವೂ ಸೇರಿದ್ದು. ಬೆಲ್ಲವನ್ನು ಬೇರೆ ತಿಂಡಿ ಎಂದು ಯಾರೂ ಹೇಳಿದ್ದಿಲ್ಲ, ಯಾರೂ ಕೇಳಿದ್ದೂ ಇಲ್ಲ.

"ಅಯ್ಯೋ ಅಮ್ಮಾ, ಬೆಲ್ಲಾ ತಿಂದು ಬರ್ತೀರೇನ್ರಿ, ಅದೂ ಶುಗರ್ ಟೆಸ್ಟಿಗೆ!"

"ನನಗೆ ಬಂದದ್ದು ಸಕ್ಕರೆ ಕಾಯಿಲೆ. ಸಕ್ಕರೆ ಬಿಟ್ಟಿದ್ದೇನೆ, ಚಾಕ್ಕೂ ಹಾಕುದಿಲ್ಲ. ಬೆಲ್ಲದ ಕಾಯಿಲೆ ಅಂತ ಯಾರೂ ಹೇಳ್ಲಿಲ್ಲಪ್ಪ."

ಹುಡುಗಿ ಗೋಡೆಗೆ ಒರಗಿ ನಕ್ಕಳು. ಬೆಂಚಿನಲ್ಲಿದ್ದವರು ನಕ್ಕರು. ನಗು ಕೇಳಿ ಡಾಕ್ಟ್ರಮ್ಮ ಹೊರಗೆ ಬಂದರು, ಸಂಗತಿ ಕೇಳಿ ಮೊದಲು ನಕ್ಕು, ಮರುಕ್ಷಣ ಗಂಭೀರರಾದರು. ಕೈ ನಡುಗಿದ್ದು, ಬೆವರಿದ್ದು ಎಲ್ಲವನ್ನೂ ಕೂಲಂಕಷವಾಗಿ ಕೇಳಿ ತಿಳಿದುಕೊಂಡರು. ಬೆಲ್ಲದ ಏರನ್ನು ಕಾಯಿಲೆಯ ಏರೆಂದು ತಿಳಿದು ಮಾತ್ರೆ ಹೆಚ್ಚಿಸಿದ್ದಕ್ಕೇ ಹಾಗಾದದ್ದು ಎಂದು ಹೇಳಿ, ಅದನ್ನು ಅಲ್ಲಿಯೇ ಇಳಿಸಿದರು. ಬೆಲ್ಲ ಪೂರ್ತಿ ಬಿಟ್ಟು ಮುಂದಿನ ತಿಂಗಳು ಬರಲಿಕ್ಕೆ ಹೇಳಿದರು. ಬಯ್ಯಲಿಲ್ಲ. ಬಯ್ದಿದ್ದರೆ ಅತ್ತೆ ಮತ್ತೆ ಆ ಕಡೆಗೆ ಕಾಲು ಹಾಕುತ್ತಿರಲಿಲ್ಲ ಎಂದು ನನಗೆ ಗೊತ್ತು. ನೆನೆದಾಗಲೆಲ್ಲ ಡಾಕ್ಟ್ರಮ್ಮನಿಗೂ ಆ ಹುಡುಗಿಗೂ ಮನಸ್ಸಿನಲ್ಲಿ ಕೈ ಮುಗಿಯುತ್ತೇನೆ.

ಮುಂದಿನ ತಿಂಗಳು ತಿರುವಿನ ಮನೆ ಬಂದಾಗ ಅತ್ತೆ ದಾರಿಯಿಂದಲೇ ಕೂಗಿದರು. "ಇವತ್ತು ಬೆಲ್ಲ ತರಬೇಡ. ನೀರು ಮಾತ್ರ ತಾ!"

ಅಕ್ಕ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತರು. ಕಾಲು ಮುಂದೆ ಬರಲಿಲ್ಲ. "ಬರೀ ನೀರು ಹೇಗೆ ಕೊಡುದು ದೊಡ್ಡಮ್ಮ? ಜಗಳ ಆಡಿದವರಿಗೆ ಕೊಟ್ಟ ಹಾಗೆ ಆಗ್ತದೆ."

"ಕೊಡು ಮಾರಾಯ್ತಿ. ನಿನ್ನ ಬೆಲ್ಲ ನಾನು ತಿಂದದ್ದಲ್ಲ, ಬೆಲ್ಲವೇ ನನ್ನ ಕಣ್ಣನ್ನು ತಿಂದದ್ದು."

ಕಥೆ ಕೇಳಿ ಅಕ್ಕನ ಮುಖ ಸಣ್ಣದಾಯಿತು. ಅತ್ತೆಯೇ ಸಮಾಧಾನ ಹೇಳಬೇಕಾಯಿತು. ಬರೀ ನೀರು ಕೊಟ್ಟ ಅಕ್ಕ, ಕೊಟ್ಟ ಕೈಯನ್ನು ಸೆರಗಿಗೆ ಒರೆಸಿಕೊಂಡೇ ಒರೆಸಿಕೊಂಡರು.

ಆ ದಿನ ಆಸ್ಪತ್ರೆಯ ಹುಡುಗಿ ಒಳಗಿನಿಂದಲೇ ಕೂಗುತ್ತಾ ಬಂದಳು: "ಅಮ್ಮಾ, ಇಳಿದೈತ್ರಿ! ಕಣ್ಣಿಗೆ ಹೋಗ್ರಿ ಇನ್ನ!" ಅತ್ತೆ ಎದ್ದು, ಸ್ವರ ಬಂದ ದಿಕ್ಕಿಗೆ ಕೈ ಚಾಚಿ, ಅವಳ ಗಲ್ಲವನ್ನು ಹುಡುಕಿ ಸವರಿದರು.

ಪುತ್ತೂರಿನಲ್ಲಿ ಮೊದಲು ಬಲಗಣ್ಣು, ಅದು ಗುಣವಾದ ಮೇಲೆ ಎಡಗಣ್ಣು ಆಯಿತು. ಎಲ್ಲ ಮುಗಿದು, ತಿಂಗಳ ಪರೀಕ್ಷೆಗೆ ಹೊರಟಾಗ ಅತ್ತೆಯ ಕೈಯಲ್ಲಿ ಒಂದು ಹೊಸ ಹಿಡಿಸೂಡಿ ಇತ್ತು. ಬಿಜಾಪುರದ ಹುಡುಗಿಯ ಬಾಡಿಗೆ ಮನೆಗೆ. ಅದರ ಕಡ್ಡಿಗಳು ಎಣ್ಣೆ ಹಚ್ಚಿದ ಹಾಗೆ ನುಣ್ಣಗೆ ಇದ್ದವು.

ತಿರುವಿನ ಮನೆಯ ಅಕ್ಕ ಈಗ ಯಾರೇ ಬರಲಿ, ಮೊದಲು ಒಂದು ಪ್ರಶ್ನೆ ಕೇಳುತ್ತಾರೆ: "ರಕ್ತಕ್ಕೆ ಹೋಗುದಾ, ರಕ್ತ ಕೊಟ್ಟು ಬರುದಾ?" ಹೋಗುವವರಿಗೆ ಬರೀ ನೀರು. ಬರುವವರಿಗೆ ಬೆಲ್ಲ, ಅತ್ತೆಗೆ ಮಾತ್ರ ಉಪ್ಪು ಹಾಕಿದ ಮಜ್ಜಿಗೆ. ಅವತ್ತು ಹಿಂತಿರುಗುವಾಗ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿದ್ದ ಅತ್ತೆಯ ಕಣ್ಣು ಮೂಲೆಗೆ ಹೋಯಿತು. ಅಲ್ಲೊಂದು ಹಿಡಿಸೂಡಿ ಒರಗಿಸಿಟ್ಟಿತ್ತು. ಕಡ್ಡಿ ಒಂದು ಉದ್ದ, ಒಂದು ಗಿಡ್ಡ. ಅರ್ಧ ಕಡ್ಡಿಗಳಲ್ಲಿ ಎಲೆ ಹಾಗೆಯೇ ಉಳಿದಿತ್ತು.

"ಇದನ್ನು ಯಾರು ಕಟ್ಟಿದ್ದು ಮಾರಾಯ್ತಿ, ಕುರುಡರಾ?"

ಅಕ್ಕ ನನ್ನ ಮುಖ ನೋಡಿದರು. ನಾನು ನನ್ನ ನೀರಿನ ಲೋಟದೊಳಗೆ ನೋಡಿದೆ.

"ನೀವೇ ದೊಡ್ಡಮ್ಮ. ಕಳೆದ ಮಳೆಗಾಲದಲ್ಲಿ ಕೊಟ್ಟದ್ದು."

ಅತ್ತೆ ಅದನ್ನು ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕಟ್ಟು ಬಿಚ್ಚಿ, ಕಡ್ಡಿಗಳನ್ನು ಮಡಿಲಿಗೆ ಹಾಕಿಕೊಂಡರು.

"ಒಂದು ಕತ್ತಿ ತಾ," ಎಂದರು. "ಹೆರೆದು ಕಟ್ಟಿಕೊಟ್ಟೇ ಹೋಗ್ತೇನೆ."