ಒಂದೇ ತಟ್ಟೆಯ ಸಪ್ಪೆ ಊಟ

"ಅಕ್ಕ, ನಿಮ್ ಕಾಯ್ಲೆ ನಮ್ ಮಗೀಗೆ ಬಂದ್ಬುಟ್ಟದೆ ಕಣಕ್ಕ."

ಹಂಗಳದ ಹತ್ತಿರದ ಊರಿನಿಂದ ನನ್ನ ಓರಗಿತ್ತಿ ಫೋನಿನಲ್ಲಿ ಹೀಗೆ ಶುರು ಮಾಡಿದಾಗ ನಾನು ಚಾಮರಾಜನಗರದ ಮನೆಯಲ್ಲಿ ಕೂತು ಬೆಳಗಿನ ಮಾತ್ರೆ ನುಂಗುತ್ತಿದ್ದೆ. ನನಗಿರುವ ಕಾಯಿಲೆ ಒಂದೆರಡಲ್ಲ. ಯಾವುದೇ ಅದು ಎಂದು ಕೇಳಿದೆ.

"ಅದೇ ಬಿಪಿ. ಇಸ್ಕೂಲ್ಗೆ ಡಾಕ್ಟ್ರು ಬಂದು ಎಲ್ಲಾ ಮಕ್ಕಳ್ ತೋಳ್ಗೂ ಪಟ್ಟಿ ಸುತ್ತಿ ನೋಡುದ್ರಂತೆ. ನಮ್ದು ಮಾತ್ರ ಮೇಲಕ್ಕೋಗಿ ಕುಂತದಂತೆ."

ಮೆಷಿನ್ ಕೆಟ್ಟಿರಬೇಕು ಬಿಡು ಎಂದೆ. ನನ್ನ ತಲೆಯಲ್ಲಿ ಬಿಪಿ ಎನ್ನುವುದು ಕನ್ನಡಕ, ಹಲ್ಲಿನ ಸೆಟ್ಟುಗಳ ಜೊತೆಗೆ ಬರುವ ಮುದುಕರ ಆಸ್ತಿ. ಮಕ್ಕಳಿಗೆ ಕೆಮ್ಮು, ಕಜ್ಜಿ, ಹೊಟ್ಟೆಹುಳ. ಆದರೆ ಶಾಲೆಗೆ ಬಂದವರು ಬೇರೆ ಬೇರೆ ದಿನ ಮತ್ತೆ ಮತ್ತೆ ನೋಡಿ, ಚಾಮರಾಜನಗರದ ದೊಡ್ಡಾಸ್ಪತ್ರೆಗೆ ತೋರಿಸಿ ಎಂದು ಕಳಿಸಿದ್ದರು. ಓರಗಿತ್ತಿಯೂ ಅವಳ ಮೊಮ್ಮಗಳೂ ಗುಂಡ್ಲುಪೇಟೆಗೆ ಬಂದು, ತೆರಕಣಾಂಬಿ ಮೇಲೆ ಬರುವ ಬಸ್ಸು ಹಿಡಿದು ನನ್ನ ಮನೆಗೆ ಬಂದಿಳಿದರು. ಅಜ್ಜಿಯ ಕೈಯಲ್ಲಿ ಅವರೆಕಾಯಿ ಚೀಲ. ಹುಡುಗಿಯ ಮುಖದಲ್ಲಿ ಮೋಡ.

ಹುಡುಗಿ ಏಳನೇ ಕ್ಲಾಸು. ದಪ್ಪವೂ ಅಲ್ಲ, ಸಣಕಲೂ ಅಲ್ಲ. ಖೋಖೋ ಆಡುತ್ತಾಳೆ. ಕಂಬ ಹಿಡಿದು ಗಿರಕ್ಕನೆ ತಿರುಗುವುದರಲ್ಲಿ ಅವಳ ಸಮ ಇಲ್ಲ ಎಂದು ಅವಳ ಊರಿನ ಖ್ಯಾತಿ. ಗುಂಡ್ಲುಪೇಟೆಯಲ್ಲಿ ತಾಲ್ಲೂಕು ಪಂದ್ಯ ಹತ್ತಿರ ಬರುತ್ತಿತ್ತು. ಡಾಕ್ಟರು ಆಡಬಹುದು ಎಂದರೆ ಮಾತ್ರ ಟೀಮಿಗೆ ಎಂದು ಪಿ.ಟಿ. ಮೇಷ್ಟ್ರು ಹೇಳಿಬಿಟ್ಟಿದ್ದರು. ಅವಳಿಗೆ ಬಿಪಿಯ ಚಿಂತೆಯೇ ಇರಲಿಲ್ಲ. ಇದ್ದದ್ದು ಪಂದ್ಯದ ಚಿಂತೆಯೊಂದೇ.

ಡಾಕ್ಟರಮ್ಮ ತೀರಾ ಚಿಕ್ಕ ವಯಸ್ಸಿನವಳು, ಆದರೆ ವಾಟ್ ಪೇಷನ್ಸ್! ಹುಡುಗಿಯನ್ನು ಕುರ್ಚಿಗೆ ಒರಗಿಸಿ, ಪಾದ ನೆಲಕ್ಕೆ ಊರಿಸಿ, ಸ್ವಲ್ಪ ಹೊತ್ತು ಮಾತಾಡದೆ ಕೂರು ಎಂದಳು. ಆಮೇಲೆ ಗೊಂಬೆಗೆ ಹೊಲಿದಂಥ ಒಂದು ಪುಟ್ಟ ಪಟ್ಟಿ ಹುಡುಕಿ ತೆಗೆದಳು. ಮಗುವಿನ ತೋಳಿಗೆ ಮಗುವಿನ ಅಳತೆಯದೇ ಆಗಬೇಕಂತೆ, ದೊಡ್ಡವರದು ಸುತ್ತಿದರೆ ಲೆಕ್ಕ ತಪ್ಪುತ್ತದಂತೆ.

"ಇದು ಓಡೋ ಮಗ ಕಣವ್ವ," ಎಂದು ನನ್ನ ಓರಗಿತ್ತಿ ನಡುವೆ ಬಾಯಿ ಹಾಕಿದಳು. "ಕಟ್ಟಾಕ್ದಂಗೆ ಕೂರ್ಸುದ್ರೆ ಎಂಥಾವ್ರ್ಗೂ ಏರ್ತದೆ."

"ಅಜ್ಜಿ, ಈಗ ನೀವೂ ಮಾತಾಡೋ ಹಾಗಿಲ್ಲ."

"ನಂಗೇನು ಪಟ್ಟಿ ಸುತ್ತಿದ್ದೀಯಾ?"

ಪ್ರೆಷರ್ ನಿಜವಾಗಿಯೂ ಹೆಚ್ಚಿತ್ತು. ರಕ್ತ, ಮೂತ್ರ, ಕಿಡ್ನಿಯ ಸ್ಕ್ಯಾನು ಎಲ್ಲ ಮಾಡಿಸಿದರು. ದೇವರ ದಯೆ, ಎಲ್ಲವೂ ಸರಿಯಿತ್ತು. ಅಂದರೆ ಸದ್ಯಕ್ಕೆ ಮಾತ್ರೆ ಬೇಡ. ಉಪ್ಪು ಇಳಿಸಿ, ಪ್ಯಾಕೆಟ್ ತಿಂಡಿ ಬಿಡಿಸಿ, ನಿದ್ದೆ ಸರಿಯಾಗಿರಲಿ, ದಿನಾ ಆಡಲಿ. ಪಂದ್ಯದ ಮಾತು ಮಾತ್ರ ಪ್ರೆಷರ್ ಇಳಿದ ಮೇಲೆ.

"ಇಳೀದಿದ್ರೆ?" ಎಂದಳು ಹುಡುಗಿ. ಆ ಕೋಣೆಯಲ್ಲಿ ಅವಳು ಆಡಿದ ಮೊದಲ ಮಾತು ಅದು.

"ಇಳಿಸೋಣ," ಎಂದಳು ಡಾಕ್ಟರಮ್ಮ.

ಉಪ್ಪು ಇಳಿಸುವುದು ನನ್ನಂಥವಳಿಗೆ ಒಂದು ಸಲಹೆ ಅಷ್ಟೆ. ಕೇಳಿ, ತಲೆ ಆಡಿಸಿ, ಮನೆಗೆ ಬಂದು ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆಯುವವಳು ನಾನು. ನನ್ನ ಓರಗಿತ್ತಿಗೆ ಹಾಗಲ್ಲ. ಅವಳು ಉಪ್ಪುಸಾರಿನ ಮಹಾರಾಣಿ. ಸೊಪ್ಪು, ಕಾಳು ಬೇಯಿಸಿದ ಕಟ್ಟು, ಪಕ್ಕದಲ್ಲಿ ಅವಳು ಕಲ್ಲಲ್ಲಿ ಅರೆದ ಖಾರ. ಅದಕ್ಕಾಗಿ ನಾನು ಎಷ್ಟೋ ಸಲ ಬಸ್ಸು ಹತ್ತಿದ್ದುಂಟು. ಅಳತೆ ಎಂದರೆ ಅವಳ ಮುಷ್ಟಿ. ಆ ಮುಷ್ಟಿ ಯಾವತ್ತೂ ತಪ್ಪಿದ್ದಿಲ್ಲ.

ಊರಿಗೆ ಹೋದ ಮೇಲೆ ಸೊಸೆ, ಅಂದರೆ ಹುಡುಗಿಯ ತಾಯಿ, ಮಗಳಿಗೆಂದು ಬೇರೆ ಪಾತ್ರೆಯಲ್ಲಿ ಸಪ್ಪೆಸಾರು ಮಾಡಿ ಬೇರೆ ತಟ್ಟೆಗೆ ಬಡಿಸತೊಡಗಿದಳು. ಚಿಪ್ಸು ನಿಂತಿತು. ಹೈವೇ ಬದಿಯಲ್ಲಿ ಬಂಡೀಪುರದ ಟೂರಿಸ್ಟುಗಳಿಗೆ ಮಾರುವ ಉಪ್ಪುಖಾರ ಸವರಿದ ಮಾವಿನಕಾಯಿಯನ್ನೂ ಹುಡುಗಿ ತಾನಾಗಿಯೇ ಬಿಟ್ಟಳಂತೆ. ನಾನು ಫೋನಿನಲ್ಲಿ "ಗುಡ್ ಗರ್ಲ್" ಎಂದೆ. ಆದರೆ ಕೆಲವು ವಾರಗಳಾದ ಮೇಲೆ ಮತ್ತೆ ಬಂದು ಪಟ್ಟಿ ಸುತ್ತಿಸಿಕೊಂಡಾಗ ಪ್ರೆಷರ್ ಹೆಚ್ಚೇನೂ ಇಳಿದಿರಲಿಲ್ಲ.

"ಮನೇಲಿ ಉಪ್ಪು ಕಮ್ಮಿ ಮಾಡಿದ್ದೀರಾ?" ಎಂದು ಡಾಕ್ಟರಮ್ಮ ಕೇಳಿದಳು. ಅಜ್ಜಿ ಫ್ಯಾನು ನೋಡಿದಳು. ಹುಡುಗಿ ಅಜ್ಜಿಯನ್ನು ನೋಡಿ, "ಮಾಡವ್ರೆ ಮಿಸ್," ಎಂದಳು. ಇನ್ನೊಂದು ಸಲ ನೋಡೋಣ, ಪಂದ್ಯಕ್ಕೆ ಇನ್ನೂ ಟೈಮಿದೆ ಎಂದು ಡಾಕ್ಟರಮ್ಮ ಸಮಾಧಾನ ಹೇಳಿ ಕಳಿಸಿದಳು.

ಮಧ್ಯಾಹ್ನ ನನ್ನ ಮನೆಯಲ್ಲೇ ಊಟ. ಓರಗಿತ್ತಿಯೇ ಮುದ್ದೆ ಕಟ್ಟಿದಳು. ಹುಡುಗಿಯ ಮುದ್ದೆಯನ್ನು ತಟ್ಟೆಗಿಡುವ ಮುಂಚೆ ಹೆಬ್ಬೆರಳಿನಿಂದ ಒಂದು ಗುಳಿ ಮಾಡಿ, ಅದರೊಳಗೆ ಚಿಟಿಕೆ ಉಪ್ಪಿಟ್ಟು, ಗುಳಿ ಮುಚ್ಚಿ, ಅಂಗೈಯಲ್ಲಿ ಉರುಳಿಸಿ ನುಣ್ಣಗೆ ಮಾಡಿದಳು. ಎಷ್ಟು ಸಲೀಸಾಗಿ ಎಂದರೆ, ಅದು ದಿನದ ಅಭ್ಯಾಸ ಎಂದು ಯಾರಿಗಾದರೂ ತಿಳಿಯುತ್ತಿತ್ತು.

"ಏನೇ ಅದು?" ಎಂದೆ.

"ಏನಿಲ್ಲ ಕಣಕ್ಕ."

"ನಾನು ನೋಡಿದೆ."

ಹುಡುಗಿ ತಟ್ಟೆಯಿಂದ ತಲೆ ಎತ್ತದೆ, "ಬುಡಿ ದೊಡ್ಡಜ್ಜಿ," ಎಂದಳು. "ನಂಗೊತ್ತು. ಬಾಯಲ್ಲಿ ಕರಗ್ದಾಗ್ಲೇ ಗೊತ್ತಾಯ್ತದೆ. ಅಪ್ಪಂಗ್ ಗೊತ್ತಾದ್ರೆ ಅಜ್ಜಿಗ್ ಬಯ್ತಾನೆ ಅಂತ ಏಳ್ನಿಲ್ಲ."

ಪಂದ್ಯಕ್ಕಾಗಿ ಮಾವಿನಕಾಯಿ ಬಿಟ್ಟವಳು, ಆ ಪಂದ್ಯವೇ ಕೈತಪ್ಪುವ ಹಾಗಿದ್ದರೂ ಅಜ್ಜಿಯನ್ನು ಬಿಟ್ಟುಕೊಟ್ಟಿರಲಿಲ್ಲ. ಓರಗಿತ್ತಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಮಗೀಗ್ ಕೆಟ್ಟದ್ ಮಾಡಕ್ಕಾ ನಾನು? ಒಂದ್ ತಟ್ಟೆ ಬ್ಯಾರೆ ಎತ್ತಿಟ್ಟು, ಉಪ್ಪಿಲ್ದಂಗ್ ಬಡಿಸೋದು ಯಾರ್ಗಕ್ಕ? ಸತ್ತೋರ್ಗೆ. ಅದು ಎಡೆ ಕಣಕ್ಕ. ನಿಮ್ ಮೈದ್ನ ತೀರೋದಾಗ ಈ ಕೈಯಲ್ಲೇ ಇಕ್ಕಿವ್ನಿ. ಬದ್ಕಿ ಬಾಳೋ ಕೂಸ್ಗೆ ಅದ್ನ ದಿನಾ ಇಕ್ಕು ಅಂದ್ರೆ ಎಂಗಿಕ್ಲಿ? ಒಂದ್ ಕಲ್ಲುಪ್ಪಾದ್ರೂ ಇರ್ಲಿ ಅಂತ…"

ಅಷ್ಟು ದಿನ ಅವಳನ್ನು ಹಟಮಾರಿ ಎಂದುಕೊಂಡಿದ್ದೆ. ನಮ್ಮ ಮನೆತನದಲ್ಲಿ ಹಾಲುತುಪ್ಪದ ದಿನ ಹೋದವರಿಗೆಂದು ಇಡುವ ಎಡೆಗೆ ಉಪ್ಪು ಹಾಕುವುದಿಲ್ಲ. ಅದು ನನಗೂ ಗೊತ್ತು. ಆದರೆ ಡಯಟ್ ಚಾರ್ಟಿನ ಪಕ್ಕದಲ್ಲಿ ಅದನ್ನು ಇಟ್ಟು ನೋಡಬೇಕೆಂದು ನನಗೆ ಹೊಳೆದಿರಲಿಲ್ಲ, ಪಾಪ ಆ ಡಾಕ್ಟರಮ್ಮನಿಗೆ ಹೊಳೆಯುವುದಾದರೂ ಹೇಗೆ?

ಹುಡುಗಿ ಮುದ್ದೆಯನ್ನು ಎರಡಾಗಿ ಮುರಿದು, ನಡುವಿನ ಉಪ್ಪನ್ನು ಬೆರಳಿನಿಂದ ಬಗೆದು ತಟ್ಟೆಯಂಚಿಗೆ ಸರಿಸಿದಳು. ಓರಗಿತ್ತಿ ಅದನ್ನೇ ನೋಡುತ್ತಿದ್ದಳು. ಆಮೇಲೆ ತನ್ನ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ, ಮೊಮ್ಮಗಳ ಮಗ್ಗುಲಿಗೆ ಜರುಗಿ ಕೂತು, ಅವಳ ತಟ್ಟೆಗೆ ಕೈ ಹಾಕಿದಳು.

"ಒಂದೇ ತಟ್ಟೇಲಿ ಇಬ್ರುಂಡ್ರೆ ಅದು ಎಡೆ ಆಗಕಿಲ್ಲ," ಎಂದಳು, ತನಗೇ ಹೇಳಿಕೊಳ್ಳುವ ಹಾಗೆ. "ಸತ್ತೋರ್ ಜೊತೆ ಕುಂತ್ಕೊಂಡು ಯಾರೂ ಉಣ್ಣಲ್ಲ. ಉಣ್ಣು ಮಗ."

ಮೊದಲ ತುತ್ತಿಗೇ ಅವಳ ಮುಖ ಹಿಂಡಿಹೋಯಿತು. ಹುಡುಗಿ ಕಿಸಕ್ಕೆಂದಳು. "ಯಾಕ್ ನಗ್ತಿದ್ದೀಯೇ ಕೋತಿಮುಂಡೇದೆ," ಎಂದು ಗದರಿ ಇನ್ನೊಂದು ತುತ್ತು ನುಂಗಿದಳು.

ಬೇರೆಯವರ ತಟ್ಟೆಗೆ ಕೈ ಹಾಕಬಾರದು ಎನ್ನುವ ಒಂದು ವಿಷಯದಲ್ಲಿ ನಮ್ಮ ಕಾನ್ವೆಂಟಿನ ಸಿಸ್ಟರುಗಳಿಗೂ ನನ್ನ ಅತ್ತೆಗೂ ಪೂರ್ತಿ ಒಮ್ಮತವಿತ್ತು. ಅವರು ಬ್ಯಾಡ್ ಮ್ಯಾನರ್ಸ್ ಎನ್ನುತ್ತಿದ್ದರು, ಇವರು ಎಂಜಲು ಎನ್ನುತ್ತಿದ್ದರು. ನಾನು ಜನ್ಮವಿಡೀ ಪಾಲಿಸಿದೆ. ಅವತ್ತು ಆ ಇಬ್ಬರ ಬೆರಳುಗಳು ಒಂದೇ ತಟ್ಟೆಯಲ್ಲಿ ಓಡಾಡುವುದನ್ನು ನೋಡುತ್ತಾ, ನಾನು ಏನೋ ಕಳೆದುಕೊಂಡೆ ಅನ್ನಿಸಿತು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಅಜ್ಜಿ ಮೊಮ್ಮಗಳಿಗೆ ಒಂದೇ ತಟ್ಟೆ. ಉಪ್ಪುಸಾರಿನ ಮಹಾರಾಣಿ ಉಪ್ಪು ಬಿಟ್ಟಳು! ಅವಳ ಕೈ ಸುಮ್ಮನಿರುವ ಕೈಯಲ್ಲ. ಬೆಳ್ಳುಳ್ಳಿ, ಮೆಣಸು, ನಿಂಬೆಹುಳಿ, ಹುರಿದ ಹುಚ್ಚೆಳ್ಳು ಸೇರಿಸಿ ಉಪ್ಪಿಲ್ಲದ ಹೊಸ ಖಾರವೊಂದನ್ನು ಅರೆದಳು. ಕುತೂಹಲಕ್ಕೆ ಒಂದು ದಿನ ಆ ತಟ್ಟೆಯ ಸಾರಿನ ರುಚಿ ನೋಡಿದ ಮಗ, "ಇದೇನವ್ವ, ಸಾರಾ ಕಲಗಚ್ಚಾ?" ಎಂದನಂತೆ. "ನಿಂಗ್ಯಾರ್ಲಾ ಕರುದ್ರು? ಇದು ಆಟಗಾರ್ರ ಊಟ," ಎಂದಳಂತೆ ಇವಳು.

ಮುಂದಿನ ಸಲ ಪುಟ್ಟ ಪಟ್ಟಿ ಬಿಚ್ಚಿದ ಡಾಕ್ಟರಮ್ಮ ನಕ್ಕಳು. ಇಳಿದಿತ್ತು. ಇನ್ನೂ ವರ್ಷಗಟ್ಟಲೆ ಆಗಾಗ ನೋಡಿಸುತ್ತಿರಬೇಕು, ಊಟ ಹೀಗೇ ಇರಬೇಕು, ಆದರೆ ಆಡಬಹುದು. ಹುಡುಗಿ ಆಸ್ಪತ್ರೆಯ ಕಾರಿಡಾರಿನ ಕಂಬವೊಂದನ್ನು ಹಿಡಿದು ಗಿರಕ್ಕನೆ ಒಂದು ಸುತ್ತು ಬಂದಳು. ನರ್ಸೊಬ್ಬಳು ಗದರಿದಳು.

ಪಂದ್ಯದ ದಿನ ನಾನೂ ಗುಂಡ್ಲುಪೇಟೆಗೆ ಹೋದೆ, ಕೊಡೆ, ಫ್ಲಾಸ್ಕು, ಮಾತ್ರೆಡಬ್ಬಿ ಸಮೇತ. ಹುಡುಗಿ ಆಡಿದ್ದನ್ನು ವರ್ಣಿಸಲು ನನಗೆ ಆಟದ ಭಾಷೆ ಬಾರದು. ಕೆಮ್ಮಣ್ಣು ಎದ್ದಿತು, ಅವಳ ಜಡೆ ಕಂಬವನ್ನು ಸುತ್ತಿ ಹೋಯಿತು, ನಾನು "ಬ್ರಾವೋ" ಎಂದು ಕಿರುಚಿದೆ ಎಂದಷ್ಟೇ ಬಲ್ಲೆ. ಟೀಮು ಸೆಮಿಫೈನಲ್ಲಿನಲ್ಲಿ ಸೋತಿತು. ಅವಳು ಕಾಲಿನ ಧೂಳು ಕೊಡವುತ್ತಾ, ರೆಫರಿಯನ್ನು ಬಯ್ಯುತ್ತಾ ಬಂದು ನಾವು ಕೂತಿದ್ದ ಹೊಂಗೆಮರದಡಿ ಧೊಪ್ಪನೆ ಕುಳಿತಳು.

ಓರಗಿತ್ತಿ ಕ್ಯಾರಿಯರ್ ಬಿಚ್ಚಿ ಅದೇ ಒಂದು ತಟ್ಟೆ ಇಟ್ಟಳು. ಹಸಿದಿದ್ದ ಟೀಮಿನ ಹುಡುಗಿಯರು ಸುತ್ತ ನೆರೆದು, ಕೇಳದೆಯೇ ಕೈ ಹಾಕಿದರು.

"ಥೂ, ಇದೇನಜ್ಜಿ, ಉಪ್ಪೇ ಇಲ್ಲ!" ಎಂದಳು ಅವರಲ್ಲೊಬ್ಬಳು.

"ನಮ್ ಮಗ ಓಡಿದ್ದ ನೋಡ್ಲಿಲ್ವಾ? ಇದುನ್ನೇ ಉಂಡು ಓಡಿದ್ದು. ಸುಮ್ಕೆ ಉಣ್ಣು ಕಣಮ್ಮಿ."

ಆ ಹುಡುಗಿ ಮುಖ ಸಿಂಡರಿಸಿಕೊಂಡೇ ಎರಡನೇ ತುತ್ತಿಗೆ ಕೈ ಚಾಚಿದಳು. ತಟ್ಟೆಯ ಸುತ್ತ ಜಾಗವೇ ಇರಲಿಲ್ಲ. ಓರಗಿತ್ತಿ ಒಂದಿಷ್ಟು ಸರಿದು, "ಬನ್ನಿ ಅಕ್ಕ, ನೀವೂ ಒಂದ್ ಕೈ ಆಕಿ," ಎಂದಳು. ನಾನು ಕನ್ನಡಕ ತೆಗೆದಿಟ್ಟು, ಫ್ಲಾಸ್ಕಿನ ನೀರಿನಲ್ಲಿ ಕೈ ತೊಳೆದುಕೊಂಡೆ.