ಭಾವನ ಕಾಲಿನ ಅಳತೆ

ವಿನೋಬನಗರದ ನಮ್ಮ ಪಾರ್ಕಿನಲ್ಲಿ ನಾನು ವರ್ಷಗಟ್ಟಲೆ ನಡೆದಿದ್ದೇನೆ, ಎಲ್ಲಿಗೂ ತಲುಪಿಲ್ಲ. ಇದು ವೈರಾಗ್ಯದ ಮಾತಲ್ಲ, ಕೊಲೆಸ್ಟ್ರಾಲಿನ ಮಾತು. ಡಾಕ್ಟರು ದಿನಾ ನಡೆಯಿರಿ ಎಂದರು, ಎಲ್ಲಿಗೆ ಎಂದು ಹೇಳಲಿಲ್ಲ. ಹಾಗಾಗಿ ಬೇವಿನ ಮರದ ಕೆಳಗಿನ ಕಲ್ಲುಬೆಂಚಿನಿಂದ ಹೊರಟು, ಒಂದು ಸುತ್ತು ಹಾಕಿ, ಅದೇ ಬೆಂಚಿನ ಹತ್ತಿರ ಬರುತ್ತೇನೆ. ಅಲ್ಲಿ ಯಾರೂ ನನಗಾಗಿ ಕಾದಿರುವುದಿಲ್ಲವಾದ್ದರಿಂದ ಮತ್ತೆ ಹೊರಡುತ್ತೇನೆ. ಗಾಣದ ಎತ್ತಿಗೂ ನನಗೂ ಇರುವ ವ್ಯತ್ಯಾಸವೆಂದರೆ ಎತ್ತಿನಿಂದ ಎಣ್ಣೆಯಾದರೂ ಬರುತ್ತಿತ್ತು. ನನ್ನ ಹೆಂಡತಿ ಗಿರಿಜಾ ಈ ಮಾತನ್ನು ನಾಲ್ಕು ಜನರ ಮುಂದೆ ಹೇಳಿ ನಗಿಸುತ್ತಾಳೆ, ನಾನೂ ನಗುತ್ತೇನೆ.

ಅಂಥ ನನಗೆ ಒಂದು ಬೆಳಿಗ್ಗೆ ಭದ್ರಾವತಿಯಿಂದ ಅಕ್ಕನ ಫೋನು ಬಂತು. "ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡ್ಕೊಂಡು ಹೋಗ್ತೀನಿ. ನೀನೂ ಗಿರಿಜಾನೂ ಬರ್ತೀರೇನೋ?" ಎಂದಳು. ಅಕ್ಕ ಬಸ್ ಸ್ಟ್ಯಾಂಡಿಗೂ ಆಟೋದಲ್ಲಿ ಹೋಗುವವಳು. ನಡೆಯುವವರು ಭಾವ. ಕಾರ್ಖಾನೆಯ ಕುಲುಮೆಯ ಮುಂದೆ ಜೀವಮಾನ ಕಳೆದ ಅವರು ಪ್ರತಿ ಶಿವರಾತ್ರಿಗೂ ತಮ್ಮ ಕಾಲೊನಿಯ ತಂಡದ ಜೊತೆ ಪಾದಯಾತ್ರೆ ಹೊರಡುತ್ತಿದ್ದರು. ಹೊರಡುವ ಮುಂಚೆ ಪ್ರತಿ ಸಲವೂ "ನೀನೂ ಬಾರೇ" ಎಂದು ಅಕ್ಕನನ್ನು ಕರೆಯುತ್ತಿದ್ದರು. ಅಕ್ಕ ಪ್ರತಿ ಸಲವೂ "ಹಾಲು ಇಸ್ಕೊಳ್ಳೋರು ಯಾರು, ಗಿಡಕ್ಕೆ ನೀರು ಹಾಕೋರು ಯಾರು" ಎಂದು ಉಳಿದುಬಿಡುತ್ತಿದ್ದಳು. ಕಳೆದ ಆಷಾಢದಲ್ಲಿ ಭಾವ ಒಂದು ವಾರದ ಜ್ವರಕ್ಕೆ ಹೋಗಿಬಿಟ್ಟರು. ಈಗ ಕರೆಯುವವರಿಲ್ಲ, ಇವಳು ಹೊರಟು ನಿಂತಿದ್ದಾಳೆ.

ನಂಟರು ಸುಮ್ಮನಿರುತ್ತಾರೆಯೇ? ನಮ್ಮ ಕಡೆ ಮನೆಯಲ್ಲಿ ಸಾವಾದರೆ ವರ್ಷಾಂತಿಕ ಮುಗಿಯುವವರೆಗೆ ಹಬ್ಬ ಮಾಡುವುದಿಲ್ಲ, ಪುಣ್ಯಕ್ಷೇತ್ರದ ಹೊಸಿಲು ದಾಟುವುದಿಲ್ಲ. ಭಾವನ ದೊಡ್ಡಮ್ಮ ಇದ್ದಾರೆ, ಕಿವಿ ಮಂದವಾದರೂ ಶಾಸ್ತ್ರದಲ್ಲಿ ಚುರುಕು. "ವರ್ಷ ತುಂಬದೆ ದೇವಸ್ಥಾನಕ್ಕೆ ಹೋಗ್ತಾಳಂತಾ?" ಎಂದು ಅಕ್ಕನ ಮನೆಗೇ ಬಂದು ಕೇಳಿದರು. ಅಕ್ಕ ಅವರ ಕಿವಿಯ ಹತ್ತಿರ ಬಾಯಿಟ್ಟು ಹೇಳಿದಳು: "ಒಳಗೆ ಹೋಗಲ್ಲ ದೊಡ್ಡಮ್ಮ. ನೇತ್ರಾವತಿ ಹೊಳೆ ತನಕ ಹೋಗಿ ವಾಪಸ್ ಬರ್ತೀನಿ. ರಸ್ತೇಲಿ ನಡೆಯೋಕೆ ಏನು ಮೈಲಿಗೆ?" ದೇವರ ಬಾಗಿಲಿನವರೆಗೆ ನಡೆದು ದೇವರನ್ನು ನೋಡದೆ ಬರುವ ಯಾತ್ರೆಯ ಬಗ್ಗೆ ಯಾವ ಪುರಾಣದಲ್ಲೂ ಇದ್ದಂತಿಲ್ಲ. ಹಾಗಾದರೆ ಹೋಗುವುದಾದರೂ ಯಾಕೆ ಎಂದು ನಾನು ಕೇಳಿದೆ. "ಬರೋದಾದ್ರೆ ಬಾ ಮಾರಾಯ, ತಲೆ ತಿನ್ಬೇಡ" ಎಂದಳು.

ಹೋಗುವುದೆಂದು ತೀರ್ಮಾನವಾದ ದಿನವೇ ನಾನು ನಮ್ಮೂರಿನ ದುರ್ಗಿಗುಡಿ ಪೇಟೆಯಲ್ಲಿ ಹೊಸ ಬೂಟು ಕೊಂಡೆ. ಅಂಗಡಿಯವನು ಅದನ್ನು ಹಪ್ಪಳದ ಹಿಟ್ಟಿನ ಹಾಗೆ ಬಗ್ಗಿಸಿ ತೋರಿಸಿ "ಸಾರ್, ಇದರಲ್ಲಿ ಹಿಮಾಲಯಕ್ಕೆ ಬೇಕಾದ್ರೂ ಹೋಗಬಹುದು" ಎಂದ. ತರೀಕೆರೆ ತನಕ ಹೋಗಬಹುದೇ ಎಂದು ನಾನು ಕೇಳಬೇಕಾಗಿತ್ತು. ಪಾದಯಾತ್ರೆ ಮಾಡುವ ಮನೆಗಳಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು, ಹೋದರೆ ಬರಿಗಾಲಲ್ಲಿ ಹೋಗಬೇಕು, ಇಲ್ಲವೇ ಸವೆದ ಚಪ್ಪಲಿಯಲ್ಲಿ. ಹೊಸದು ಕಚ್ಚುತ್ತದೆ. ಇತಿಹಾಸ ಪಾಠ ಮಾಡುವ ನನಗೆ ಯಾವ ದೊರೆಯ ಸೈನ್ಯ ಎಲ್ಲಿಂದ ಎಲ್ಲಿಗೆ ನಡೆಯಿತು ಎಂದು ಗೊತ್ತಿತ್ತು. ಆ ಸಿಪಾಯಿಗಳ ಕಾಲಲ್ಲಿ ಏನಿತ್ತು ಎಂದು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

ಭದ್ರಾವತಿಯಿಂದ ಬೆಳಗಿನ ಜಾವ ಹೊರಟೆವು. ಅಕ್ಕ, ಅವಳ ಮಗಳು ಸುಧಾ, ಗಿರಿಜಾ, ನಾನು, ಜೊತೆಗೆ ಭಾವನ ಹಳೆಯ ತಂಡ. ಹಾಸಿಗೆ, ಪಾತ್ರೆ, ಅಕ್ಕಿ ಎಲ್ಲ ಲಗೇಜ್ ಆಟೋದಲ್ಲಿ ಮುಂದೆ ಹೋಯಿತು. ಅಕ್ಕ ಮಾತ್ರ ತನ್ನ ಕೈಚೀಲವನ್ನು ಆಟೋಗೆ ಹಾಕಲು ಬಿಡಲಿಲ್ಲ, ಹೆಗಲಿಗೆ ಏರಿಸಿಕೊಂಡೇ ನಡೆದಳು. ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದರೂ ಗಿರಿಜಾಳ ನಡಿಗೆಯ ವೇಗ ನನಗೆ ಗೊತ್ತಿರಲಿಲ್ಲ. ನನಗಾಗಿ ನಿಂತು ನಿಂತು ಅವಳಿಗೆ ಸಾಕಾಯಿತು, ಅವಳನ್ನು ಹಿಡಿಯಲು ಓಡಿ ಓಡಿ ನನಗೆ ಸಾಕಾಯಿತು. ಸಂಸಾರವೆಂದರೆ ಜೊತೆಯಾಗಿ ಹೆಜ್ಜೆ ಹಾಕುವುದು ಎಂದು ಮದುವೆ ಮನೆಗಳಲ್ಲಿ ಭಾಷಣ ಮಾಡುವವರನ್ನು ಒಂದು ಸಲ ಈ ರಸ್ತೆಗೆ ಕಳಿಸಬೇಕು. ಅಕ್ಕ ಯಾರ ಜೊತೆಗೂ ಇರಲಿಲ್ಲ. ರಸ್ತೆಯ ಅಂಚಿನಲ್ಲಿ, ಎಡಗಡೆ ಒಬ್ಬರಿಗೆ ಜಾಗ ಬಿಟ್ಟ ಹಾಗೆ ನಡೆಯುತ್ತಿದ್ದಳು.

ಪಾದಯಾತ್ರೆಯ ದಾರಿಯಲ್ಲಿ ಹಸಿವೆಂಬುದಿಲ್ಲ. ಊರೂರಿನವರು ಪೆಂಡಾಲ್ ಹಾಕಿ ಮಜ್ಜಿಗೆ, ಕಲ್ಲಂಗಡಿ, ಚಿತ್ರಾನ್ನ ಹಿಡಿದು ಕಾದಿರುತ್ತಾರೆ. ಬೇಡವೆಂದರೆ ನೊಂದುಕೊಳ್ಳುತ್ತಾರೆ. ನಾನು ಯಾರನ್ನೂ ನೋಯಿಸಲಿಲ್ಲ. ಆದರೆ ಇದು ಭಾವ ವರ್ಷವರ್ಷವೂ ಬಂದ ದಾರಿ, ಪೆಂಡಾಲಿನವರಿಗೆ ಅವರ ಮುಖ ಗೊತ್ತು. ತರೀಕೆರೆಯ ಹತ್ತಿರ ಒಬ್ಬರು ಸೌಟು ಕೈಯಲ್ಲಿ ಹಿಡಿದೇ ಕೇಳಿದರು: "ಈ ಸಲ ದಪ್ಪ ಮೀಸೆ ಯಜಮಾನ್ರು ಬರ್ಲಿಲ್ವಾ?" ತಂಡದವರೆಲ್ಲ ನೆಲ ನೋಡಿದೆವು. "ಮುಂದೆ ಹೋಗಿದಾರೆ" ಎಂದಳು ಅಕ್ಕ. ಹೌದೇನೋ ಎಂದುಕೊಂಡು ಅವರು ಇನ್ನೊಂದು ಲೋಟ ತುಂಬಿಸಿ ಕೊಟ್ಟರು.

ಚಿಕ್ಕಮಗಳೂರು ಇನ್ನೂ ದೂರವಿರುವಾಗಲೇ ನನ್ನ ಎರಡೂ ಹಿಮ್ಮಡಿಗಳಲ್ಲಿ ಬೊಬ್ಬೆ ಎದ್ದವು. ಆ ಸಂಜೆ ಒಂದು ಶಾಲೆಯ ಜಗಲಿಯಲ್ಲಿ ನಮ್ಮ ಬಿಡಾರ. ಬೊಬ್ಬೆಗೆ ನಡೆಯುವವರ ಮದ್ದು ಒಂದಿದೆ. ಸೂಜಿಗೆ ದಾರ ಪೋಣಿಸಿ, ಬೊಬ್ಬೆಯ ಈ ಕಡೆಯಿಂದ ಆ ಕಡೆಗೆ ದಾಟಿಸಿ, ದಾರದ ತುಂಡನ್ನು ಒಳಗೇ ಬಿಡುವುದು. ನೀರು ದಾರದ ಗುಂಟ ಬಸಿದುಹೋಗುತ್ತದೆ, ಚರ್ಮ ಕಿತ್ತು ಬರುವುದಿಲ್ಲ. ತಂಡದಲ್ಲಿ ಎಲ್ಲರ ಕಾಲು ಹಿಡಿದು ಇದನ್ನು ಮಾಡುತ್ತಿದ್ದವರು ಭಾವ. ಈ ಸಲ ಸೂಜಿ ಹಿಡಿದು ಕೂತವಳು ಅಕ್ಕ. ನನ್ನ ಕಾಲನ್ನು ಮಡಿಲಿಗೆ ಎಳೆದುಕೊಂಡಳು. ದೊಡ್ಡವಳ ಮಡಿಲಲ್ಲಿ ಕಾಲಿಡುವುದೇ ಎಂದು ನಾನು ಹಿಂದೆಳೆದೆ, ಮೊಣಕಾಲಿಗೆ ಒಂದು ಏಟು ಬಿತ್ತು.

"ಹೊಸದು ಕಚ್ಚುತ್ತೆ ಅಂತ ಗೊತ್ತಿರ್ಲಿಲ್ವೇನೋ?" ಎಂದಳು. ಸೂಜಿ ದಾಟಿಸಿ, ದಾರ ಕತ್ತರಿಸಿ, ತಲೆ ಎತ್ತದೆ ಸೇರಿಸಿದಳು: "ನಿಮ್ಮ ಭಾವಂಗೂ ಹೊಸದೇ ಕೊಟ್ಟು ಕಳಿಸಿದ್ವಿ."

ನನಗೆ ಹನ್ನೊಂದನೇ ದಿನದ ಕರ್ಮ ನೆನಪಾಯಿತು. ಸತ್ತವರು ಒಂದು ವರ್ಷ ನಡೆಯುತ್ತಾರೆ ಎನ್ನುತ್ತದೆ ಶಾಸ್ತ್ರ. ಯಮನ ಊರು ದೂರ, ದಾರಿಯಲ್ಲಿ ಕಾದ ಮರಳು, ಮುಳ್ಳು, ನೆರಳಿಲ್ಲ, ನೀರಿಲ್ಲ. ಅದಕ್ಕೇ ಅವರ ಹೆಸರಿನಲ್ಲಿ ಕೊಡೆ, ಚಪ್ಪಲಿ, ನೀರಿನ ಚೊಂಬು ದಾನ ಕೊಡುವುದು. ಯೋಚಿಸಿದರೆ ನಮ್ಮ ಹಿರಿಯರು ಸಾವನ್ನೂ ಒಂದು ಪಾದಯಾತ್ರೆ ಮಾಡಿಬಿಟ್ಟಿದ್ದಾರೆ. ನಡುವೆ ಸಿಗುವ ಹೊಳೆ ದಾಟಲು ದಾನ ಕೊಟ್ಟ ಹಸುವಿನ ಬಾಲ ಬಿಟ್ಟರೆ ಬೇರೆ ವಾಹನ ಸೌಕರ್ಯವಿಲ್ಲ. ಈಗ ಈ ದಾನದ ಸಾಮಾನೆಲ್ಲ ಗ್ರಂಥಿಗೆ ಅಂಗಡಿಯಲ್ಲಿ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಸಿಗುತ್ತದೆ, 'ಸೆಟ್' ಎನ್ನುತ್ತಾರೆ. ಅದರ ಕೊಡೆ ಬಿಚ್ಚಿದರೆ ಮುಚ್ಚುವುದಿಲ್ಲ, ಚೊಂಬಿನಲ್ಲಿ ಒಂದು ಗುಟುಕು ಹಿಡಿಯುತ್ತದೆ, ಚಪ್ಪಲಿ ಯಾರ ಕಾಲಿಗೂ ಆಗದ ಅಳತೆಯದು. ದುಃಖದ ಮನೆಯಲ್ಲಿ ಅದನ್ನೆಲ್ಲ ಯಾರೂ ನೋಡುವುದಿಲ್ಲ. ಅಕ್ಕ ನೋಡಿದ್ದಳು.

"ಅವರದ್ದು ಹತ್ತನೇ ನಂಬರ್ ಕಾಲು ಕಣೋ. ಆ ಸೆಟ್ ಚಪ್ಪಲಿಗೆ ಬೆರಳೂ ತೂರಲ್ಲ. ಪುರೋಹಿತರಿಗೆ ಹೇಳೋಣ ಅಂದ್ಕೊಂಡೆ, ಎಲ್ಲ ಅಳ್ತಾ ಕೂತಿದ್ರು, ನಾಚಿಕೆ ಆಯ್ತು. ಅವತ್ತಿಂದ ಕಣ್ಣು ಮುಚ್ಚಿದ್ರೆ ಅವರು ಕುಂಟ್ಕೊಂಡು ಹೋಗೋದೇ ಕಾಣುತ್ತೆ."

"ಅದೆಲ್ಲ ಸಾಂಕೇತಿಕ ಅಕ್ಕ" ಎಂದೆ. ಓದಿದವನ ಬಾಯಿಗೆ ಬರುವುದು ಇಂಥದ್ದೇ.

"ಬಿಸಿಲೂ ಸಾಂಕೇತಿಕವಾ? ಮುಳ್ಳೂ ಸಾಂಕೇತಿಕವಾ?" ಎಂದಳು. ಆಮೇಲೆ ಮೆಲ್ಲಗೆ, "ವರ್ಷಪೂರ್ತಿ ಒಬ್ರೇ ನಡೀಬೇಕಂತಲ್ಲ. ಪ್ರತಿ ಸಲ ಬಾರೇ ಅಂತ ಕರೀತಿದ್ರು, ಒಂದು ಸಲನೂ ಹೋಗ್ಲಿಲ್ಲ. ಸ್ವಲ್ಪ ದೂರನಾದ್ರೂ ಜೊತೆಗೆ ನಡೀಬೇಕು ಅನ್ನಿಸ್ತು" ಎಂದಳು. ಕಣ್ಣಲ್ಲಿ ನೀರು ಬಂದದ್ದಕ್ಕೆ ನಾನು ಬೊಬ್ಬೆಯ ನೆಪ ಹೇಳಿದೆ.

ಮರುದಿನದಿಂದ ಬೂಟಿನ ಲೇಸುಗಳನ್ನು ಗಂಟು ಹಾಕಿ ಕುತ್ತಿಗೆಗೆ ನೇತುಹಾಕಿಕೊಂಡು ಬರಿಗಾಲಲ್ಲಿ ನಡೆದೆ. ಸುಧಾ ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದಳು. ಮೂಡಿಗೆರೆಯ ಕಡೆ ಕಾಫಿ ಹೂವು ಬಿಟ್ಟಿತ್ತು, ಕಾಲುನೋವಿನಲ್ಲಿ ಅದರ ವಾಸನೆಯನ್ನು ಯಾರೂ ಹೊಗಳಲಿಲ್ಲ. ಕಾದ ಟಾರಿನ ಮೇಲೆ ಕಾಲಿಡುವಾಗಲೆಲ್ಲ ನನಗೆ ಆ ಇನ್ನೊಂದು ದಾರಿಯ ಯೋಚನೆ. ಸತ್ತವರು ನಡೆಯುತ್ತಾರೆಂದು ನಾನು ನಂಬುವುದಿಲ್ಲ. ಆದರೆ ಭಾವ ಕುಂಟುವುದು ನನಗೂ ಕಾಣತೊಡಗಿತ್ತು, ಅದಕ್ಕೇನು ಮಾಡುವುದು? ಚಾರ್ಮಾಡಿ ಘಾಟಿ ಇಳಿಯುವಾಗ ಅಕ್ಕನ ಮಂಡಿ ಹಿಡಿದುಕೊಂಡಿತು. ಲಗೇಜ್ ಆಟೋ ಹತ್ತು ಎಂದು ಎಲ್ಲರೂ ಹೇಳಿದೆವು, ಹತ್ತಲಿಲ್ಲ. ಗಿರಿಜಾಳ ಹೆಗಲು ಹಿಡಿದು, ತಿರುವಿನಲ್ಲಿ ಕೂತು, ಎದ್ದು, ಇಳಿದಳು.

ನೇತ್ರಾವತಿಯ ದಡದಲ್ಲಿ ಜನವೋ ಜನ. ತಂಡದವರು ಮಿಂದು ದರ್ಶನಕ್ಕೆ ಹೊರಟರು. ಮದುವೆಯಾಗಿ ಬೇರೆ ಮನೆ ಸೇರಿದ ಸುಧಾಳಿಗೆ ವರ್ಷದ ನಿಯಮ ಅಡ್ಡಬರುವುದಿಲ್ಲ, ಗಿರಿಜಾಳ ಜೊತೆ ಹೋದಳು. ನನಗೂ ಅಡ್ಡಿಯಿರಲಿಲ್ಲ, ಕಾಲುನೋವೆಂದು ಅಕ್ಕನ ಹತ್ತಿರ ಉಳಿದೆ. ಎಲ್ಲರೂ ಮರೆಯಾದ ಮೇಲೆ ಅವಳು ಕೈಚೀಲ ಬಿಚ್ಚಿ, ಸೀರೆಯ ಅಡಿಯಿಂದ ಭಾವನ ಹಳೆಯ ಚಪ್ಪಲಿ ತೆಗೆದಳು. ಟೈರಿನ ಅಟ್ಟೆಯ ಅಗಲವಾದ ಚಪ್ಪಲಿ, ಹೆಬ್ಬೆರಳು ಊರಿ ಊರಿ ಗುಳಿ ಬಿದ್ದಿತ್ತು. ಸತ್ತವರ ಚಪ್ಪಲಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಇವಳು ಯಾರಿಗೂ ಕಾಣದಂತೆ ಎತ್ತಿಟ್ಟಿದ್ದಳು. ಮೀಯುವವರು ಬಿಟ್ಟುಹೋದ ಚಪ್ಪಲಿಗಳ ಸಾಲಿನ ಕೊನೆಗೆ ಅದನ್ನು ಜೋಡಿಸಿ, ದಾರಿಯ ಕಡೆ ಮುಖಮಾಡಿ ಇಟ್ಟಳು. ನನ್ನ ಬೂಟನ್ನೂ ನಾನು ಪಕ್ಕದಲ್ಲೇ ಇಟ್ಟೆ. ಇಬ್ಬರೂ ನೀರಿಗೆ ಕಾಲು ಬಿಟ್ಟು ಕೂತೆವು. "ತಿರುಗಿ ನೋಡ್ಬೇಡ" ಎಂದಳು. ಯಾವ ದೇವಸ್ಥಾನದಲ್ಲಿ ಕೈಮುಗಿದು ನಿಂತರೂ ಹೊರಗೆ ಬಿಟ್ಟ ಚಪ್ಪಲಿಯನ್ನೇ ಧ್ಯಾನಿಸುವ ನನಗೆ ಅದು ಸುಲಭದ ಕೆಲಸವಲ್ಲ.

ಎದ್ದು ಬಂದಾಗ ಭಾವನ ಚಪ್ಪಲಿ ಇರಲಿಲ್ಲ. ಹಿಮಾಲಯಕ್ಕೆ ಹೋಗಬಲ್ಲ ನನ್ನ ಬೂಟು ಇಟ್ಟಲ್ಲೇ ಇತ್ತು. ದಾರಿಯಲ್ಲಿ ಚಪ್ಪಲಿ ಕಿತ್ತುಹೋದ ಯಾರೋ ದೊಡ್ಡ ಕಾಲಿನವರು ಮೆಟ್ಟಿಕೊಂಡು ಹೋಗಿರಬೇಕು. ಅಕ್ಕ ಆ ಖಾಲಿ ಜಾಗವನ್ನೇ ನೋಡುತ್ತ ನಿಂತಳು. ಭಾವ ಹೋದ ಮೇಲೆ ಅವಳು ಅತ್ತದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಈ ಅಳು ಬೇರೆ ಥರ ಇತ್ತು. "ಸಿಕ್ತು ಅವರಿಗೆ" ಎಂದಳು. ನಾನು ಹೂಂ ಎಂದೆ.

ವಾಪಸು ಬಸ್ಸಿನಲ್ಲಿ ಬಂದೆವು. ಅಷ್ಟು ದಿನ ನಡೆದ ದಾರಿ ಒಂದು ನಿದ್ದೆಗೆ ಮುಗಿಯಿತು. ನಡೆದು ಬಂದರೆ ದುಃಖ ಇಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಕ್ಕನ ಮನೆ ಹೋಗುವಾಗ ಎಷ್ಟು ಖಾಲಿಯಿತ್ತೋ ಬಂದಾಗಲೂ ಅಷ್ಟೇ ಖಾಲಿಯಿತ್ತು. ಹಾಲು ಇಸ್ಕೊಳ್ಳುತ್ತಾಳೆ, ಗಿಡಕ್ಕೆ ನೀರು ಹಾಕುತ್ತಾಳೆ. ಕಣ್ಣು ಮುಚ್ಚಿದರೆ ಭಾವ ಈಗಲೂ ಕಾಣುತ್ತಾರಂತೆ, ಕುಂಟುವುದಿಲ್ಲವಂತೆ.

ಆಷಾಢ ಹತ್ತಿರ ಬಂತು. ವರ್ಷಾಂತಿಕದಲ್ಲೂ ದಾನವಿದೆ. ಮೊನ್ನೆ ಅಕ್ಕ ಫೋನು ಮಾಡಿದಳು. "ಈ ಸಲ ಸೆಟ್ ತರಬೇಡ. ಚಪ್ಪಲಿ ಬೇರೆ ತಗೋ, ಹತ್ತನೇ ನಂಬರು. ಹಳೇದು ಇಷ್ಟೊತ್ತಿಗೆ ಸವೆದಿರುತ್ತೆ." ಸರಿ ಎಂದೆ. "ಹೊಸದನ್ನ ಹಾಗೇ ಕೊಡೋದು ಬೇಡ ಕಣೋ. ಒಂದಷ್ಟು ದಿನ ನೀನು ಹಾಕ್ಕೊಂಡು ನಡೆದು ಮೆತ್ತಗೆ ಮಾಡು. ಪುರೋಹಿತರಿಗೆ ಹೇಳ್ಬೇಡ." ಬಳಸಿದ ವಸ್ತುವನ್ನು ದಾನ ಕೊಡಬಾರದೆಂದು ಶಾಸ್ತ್ರವಿದೆ. ಶಾಸ್ತ್ರ ಬರೆದವರಿಗೆ ಬೊಬ್ಬೆ ಎದ್ದಿರಲಿಕ್ಕಿಲ್ಲ.

ಹೀಗಾಗಿ ನಾನೀಗ ದಿನಾ ಬೆಳಿಗ್ಗೆ ಹತ್ತನೇ ನಂಬರಿನ ಚಪ್ಪಲಿಯಲ್ಲಿ ಪಾರ್ಕು ಸುತ್ತುತ್ತೇನೆ. ನನ್ನ ಕಾಲು ಎಂಟು. ಹೆಜ್ಜೆಗೊಮ್ಮೆ ಪಟಾರೆಂದು ಸದ್ದಾಗುತ್ತದೆ, ಪಾರಿವಾಳ ಹಾರುತ್ತವೆ. ನಿನ್ನೆ ಕಲ್ಲುಬೆಂಚಿನ ಮೇಲಿದ್ದ ಹಿರಿಯರೊಬ್ಬರು "ಏನ್ ಮೇಷ್ಟ್ರೇ, ಯಾರದ್ದೋ ಚಪ್ಪಲಿ ಹಾಕ್ಕೊಂಡು ಬಂದಿದೀರಲ್ಲ?" ಎಂದರು.

"ನಮ್ಮ ಭಾವಂದು" ಎಂದೆ.

"ಎಲ್ಲಿ, ಅವರು ವಾಕಿಂಗ್ ಬರಲ್ವಾ?"

"ಮುಂದೆ ಹೋಗಿದಾರೆ" ಎಂದು ಹೇಳಿ ಇನ್ನೊಂದು ಸುತ್ತಿಗೆ ಹೊರಟೆ. ಎಡಗಾಲಿನ ಪಟ್ಟಿ ಇನ್ನೂ ಸ್ವಲ್ಪ ಗಡುಸಾಗಿತ್ತು.